ಮೂಲ ಫೈಲುಗಳ ನಾಮಾಂತರ ಯುಕ್ತವೇ?

ದೊಡ್ಡ ಗಣಕಯಂತ್ರಗಳ ಉಸ್ತುವಾರಿ ನೋಡಿಕೊಳ್ಳುವವರಲ್ಲಿ ಕೆಲವರಿಗೆ ಒಂದು ಚಪಲವುಂಟು. ವ್ಯವಸ್ಥೆಯೊಡನೆಯೇ ಬಂದ ಮೂಲ ಫೈಲುಗಳ ಹೆಸರುಗಳು ಅವರ ಕಣ್ಣಿಗೆ ಅಂದಗೆಟ್ಟವಾಗಿ ತೋರುತ್ತವೆ. ಅವನ್ನು ತೆಗೆದು ತಮಗೊಪ್ಪುವ ಅಚ್ಚುಕಟ್ಟಾದ ಹೆಸರುಗಳನ್ನು ಇಡುತ್ತಾರೆ. ಯಂತ್ರವು ಇದಕ್ಕೆ ಅಡ್ಡಿ ಹೇಳುವುದಿಲ್ಲ. ಮರುದಿನವೂ ಕೆಲಸವು ಎಂದಿನಂತೆಯೇ ಸಾಗುತ್ತದೆ. ಆದರೆ ಎರಡು ಮೂರು ವರ್ಷಗಳು ಕಳೆದು, ಯಂತ್ರವು ಕೆಟ್ಟು ಎಲ್ಲವನ್ನೂ ಬೇರೊಂದರಲ್ಲಿ ಮರುಸ್ಥಾಪಿಸಬೇಕಾದಾಗ, ಅಥವಾ ಹಳೆಯ ಆವೃತ್ತಿಯ ಸ್ಥಾನದಲ್ಲಿ ಹೊಸದನ್ನು ಕೂಡಿಸಬೇಕಾದಾಗ, ಎಂದೋ ಇಟ್ಟು ಮರೆತ ಆ ಹೆಸರು ದಾರಿಗೆ ಅಡ್ಡವಾಗಿ ನಿಲ್ಲುತ್ತದೆ. ಈ ಚಪಲವನ್ನು ಬಿಡಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ನಮ್ಮ ವಾಚಕರಲ್ಲಿ ಅನೇಕ ವಿದ್ಯಾರ್ಥಿಗಳು ಇನ್ನು ಕೆಲವೇ ವರ್ಷಗಳಲ್ಲಿ ಇಂಥ ಯಂತ್ರಗಳ ಹೊಣೆಯನ್ನು ಹೊರುವವರಾದ್ದರಿಂದ, ವಿಷಯವನ್ನು ಬುಡದಿಂದಲೇ ವಿವರಿಸಲು ಯತ್ನಿಸುತ್ತೇವೆ.

ಬೇರೆ ಬೇರೆ ಯಂತ್ರಗಳಿಂದ ಬರುವ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಹಗಲಿರುಳೂ ಎಚ್ಚರವಾಗಿರುವ ಗಣಕಕ್ಕೆ ಸರ್ವರ್ ಎಂದು ಹೆಸರು. ಅದರಲ್ಲಿ ವ್ಯವಸ್ಥಿತವಾಗಿ ಕೂಡಿಟ್ಟ ಮಾಹಿತಿಯ ಭಂಡಾರವೇ ಡೇಟಾಬೇಸು. ದತ್ತಸಂಚಯವೆಂಬ ಕನ್ನಡ ಹೆಸರೂ ಅದಕ್ಕುಂಟು. ನಾವು ರೈಲಿನ ಟಿಕೆಟನ್ನು ಕಾದಿರಿಸುವಾಗ, ಬ್ಯಾಂಕಿನಿಂದ ಹಣ ತೆಗೆಯುವಾಗ, ಪರೀಕ್ಷೆಯ ಫಲಿತಾಂಶವನ್ನು ನೋಡುವಾಗ, ನಮ್ಮ ಕಣ್ಣಿಗೆ ಬೀಳದ ಯಾವುದೋ ಕೊಠಡಿಯಲ್ಲಿ ಇಂಥ ಯಂತ್ರವೊಂದು ತನ್ನ ಭಂಡಾರವನ್ನು ತೆರೆದು ನೋಡಿ ಉತ್ತರ ಹೇಳುತ್ತಿರುತ್ತದೆ. ಅದು ಎರಡು ಗಂಟೆಗಳ ಕಾಲ ನಿಂತರೆ ಜನ ಗೊಣಗುತ್ತಾರೆ. ಎರಡು ದಿನ ನಿಂತರೆ ಆಸ್ಪತ್ರೆಯಲ್ಲಿ ರೋಗಿಗೆ ಹಿಂದೆ ಯಾವ ಔಷಧ ಕೊಟ್ಟಿತ್ತೆಂಬುದೇ ತಿಳಿಯದೆ ಹೋಗಬಹುದು.

ಈ ಭಂಡಾರದಲ್ಲಿ ಎರಡು ಬಗೆಯ ಸಾಮಗ್ರಿಯಿದೆಯೆಂಬುದನ್ನು ಮೊದಲು ಮನಗಾಣಬೇಕು. ಒಂದು, ನಾವು ತುಂಬಿದ ಮಾಹಿತಿ: ಅಂಕಗಳು, ಖಾತೆಗಳು, ವಿಳಾಸಗಳು. ಇನ್ನೊಂದು, ಆ ಮಾಹಿತಿಯೆಲ್ಲ ಎಲ್ಲೆಲ್ಲಿದೆ, ಯಾರು ಯಾರು ಅದನ್ನು ನೋಡಬಹುದು, ಯಾವ ಹೊತ್ತಿಗೆ ಯಾವ ಕೆಲಸ ನಡೆಯಬೇಕು ಎಂದು ಸರ್ವರು ತನಗಾಗಿ ಬರೆದಿಟ್ಟುಕೊಂಡ ಮಾಹಿತಿ. ಗ್ರಂಥಾಲಯದಲ್ಲಿ ಪುಸ್ತಕಗಳು ಬೇರೆ, ಪುಸ್ತಕಗಳ ಪಟ್ಟಿ ಬೇರೆ. ಒಂದು ಪುಸ್ತಕ ಕಳೆದರೆ ಒಂದೇ ಪುಸ್ತಕದ ನಷ್ಟ. ಪಟ್ಟಿಯಲ್ಲಿ ಬರೆದ ಕಪಾಟು ಒಂದಾಗಿ, ಪುಸ್ತಕವಿರುವ ಕಪಾಟು ಇನ್ನೊಂದಾದರೆ, ಗ್ರಂಥವು ಕಟ್ಟಡದೊಳಗೇ ಇದ್ದೂ ಇಲ್ಲದಂತಾಗುತ್ತದೆ. ಸರ್ವರಿನ ಸ್ವಂತ ಡೇಟಾಬೇಸುಗಳು ಇಂಥ ಪಟ್ಟಿಯ ಸ್ಥಾನದಲ್ಲಿವೆ.

ಮಾತು ಗಾಳಿಯಲ್ಲಿ ತೇಲಬಾರದಾದ ಕಾರಣ ಒಂದು ನಿಜವಾದ ವ್ಯವಸ್ಥೆಯನ್ನೇ ತೆಗೆದುಕೊಳ್ಳೋಣ. ಎಸ್‌ಕ್ಯೂಎಲ್ ಸರ್ವರ್ ಎಂಬುದು ಲೋಕದಲ್ಲಿ ಬಹಳವಾಗಿ ಬಳಕೆಯಲ್ಲಿರುವ ಡೇಟಾಬೇಸ್ ವ್ಯವಸ್ಥೆಗಳಲ್ಲೊಂದು. ಮೈಕ್ರೋಸಾಫ್ಟ್, ಸೈಬೇಸ್, ಆಷ್ಟನ್-ಟೇಟ್ ಎಂಬ ಮೂರು ಅಮೆರಿಕನ್ ಸಂಸ್ಥೆಗಳು ಕೂಡಿ ೧೯೮೯ರಲ್ಲಿ ಇದರ ಮೊದಲ ಆವೃತ್ತಿಯನ್ನು ಹೊರತಂದವು. ೧೯೯೩ರಲ್ಲಿ ಇದು ವಿಂಡೋಸ್ ಎನ್‌ಟಿಗೆ ಬಂದಿತು. ಇದರೊಳಗೆ ನಾಲ್ಕು ಮೂಲ ಡೇಟಾಬೇಸುಗಳು ಕಣ್ಣಿಗೆ ಕಾಣುವಂತಿವೆ: ಮಾಸ್ಟರ್, ಮಾಡೆಲ್, ಎಂಎಸ್‌ಡಿಬಿ, ಟೆಂಪ್‌ಡಿಬಿ. ಮಾಸ್ಟರಿನಲ್ಲಿ ಒಳಗೆ ಬರಲು ಅನುಮತಿಯುಳ್ಳವರ ಹೆಸರುಗಳೂ, ಉಳಿದ ಎಲ್ಲ ಡೇಟಾಬೇಸುಗಳ ಫೈಲುಗಳು ಡಿಸ್ಕಿನಲ್ಲಿ ಎಲ್ಲಿವೆಯೆಂಬ ವಿಳಾಸಗಳೂ ಇವೆ. ಮಾಡೆಲ್ ಒಂದು ಅಚ್ಚು. ಹೊಸ ಡೇಟಾಬೇಸನ್ನು ನಿರ್ಮಿಸುವಾಗಲೆಲ್ಲ ಸರ್ವರು ಇದರ ನಕಲನ್ನು ತೆಗೆಯುತ್ತದೆ. ಎಂಎಸ್‌ಡಿಬಿಯಲ್ಲಿ ಗೊತ್ತಾದ ವೇಳೆಗೆ ತಾನೇ ನಡೆಯಬೇಕಾದ ಕೆಲಸಗಳ ಪಟ್ಟಿಯೂ ಬ್ಯಾಕಪ್ಪುಗಳ ಇತಿಹಾಸವೂ ಇವೆ. ಟೆಂಪ್‌ಡಿಬಿ ಬರಿಯ ಕರಡು ಹಾಳೆ. ಸರ್ವರನ್ನು ಪ್ರಾರಂಭಿಸಿದಾಗಲೆಲ್ಲ ಅದು ಹೊಸದಾಗಿ ಹುಟ್ಟುತ್ತದೆ. ಅದಕ್ಕೆ ಬ್ಯಾಕಪ್ ತೆಗೆಯಬೇಕಾಗಿಲ್ಲ, ತೆಗೆಯಲು ಬರುವುದೂ ಇಲ್ಲ.

೨೦೦೫ರ ಆವೃತ್ತಿಯಲ್ಲಿ ಐದನೆಯದೊಂದು ಸೇರಿತು. ಅದು ರಿಸೋರ್ಸ್ ಎಂಬ ಗುಪ್ತ ಡೇಟಾಬೇಸು. ಸರ್ವರಿನ ಒಳಗಿನ ಸಿದ್ಧ ಕಾರ್ಯವಿಧಾನಗಳನ್ನೆಲ್ಲ ಇದರಲ್ಲಿ ಕೂಡಿಟ್ಟಿದ್ದಾರೆ. ಇದಕ್ಕೆ ಮುಂಚೆ ಹೊಸ ಆವೃತ್ತಿ ಬಂದರೆ ಆ ವಿಧಾನಗಳನ್ನು ಒಂದೊಂದಾಗಿ ಅಳಿಸಿ ಮತ್ತೆ ಬರೆಯಬೇಕಾಗಿತ್ತು. ಈಗ ಹಳೆಯ ರಿಸೋರ್ಸ್ ಫೈಲಿನ ಬದಲು ಹೊಸದನ್ನು ತಂದಿಟ್ಟರೆ ಆ ಭಾಗದ ಮಟ್ಟಿಗೆ ಕೆಲಸ ಮುಗಿಯಿತು. ಉಪಾಯವೇನೋ ಚೆನ್ನಾಗಿದೆ. ಆದರೆ ಆ ಫೈಲು ಗೊತ್ತಾದ ಹೆಸರಿನಲ್ಲಿ, ಗೊತ್ತಾದ ಜಾಗದಲ್ಲಿ ಇರಬೇಕು. ೨೦೦೫ರ ಆವೃತ್ತಿಯಲ್ಲಿ ಅದು ಮಾಸ್ಟರಿನ ಫೈಲಿದ್ದ ಫೋಲ್ಡರಿನಲ್ಲೇ ಇರಬೇಕೆಂಬ ನಿಯಮವಿತ್ತು. ಮಾಸ್ಟರನ್ನು ಬೇರೆಡೆಗೆ ಒಯ್ದು ಇದನ್ನು ಹಿಂದೆಯೇ ಬಿಟ್ಟವರು ಪೇಚಿಗೆ ಸಿಲುಕಿದರು. ೨೦೦೮ರ ಆವೃತ್ತಿಯಿಂದ ಅದನ್ನು ಕಾರ್ಯಕ್ರಮದ ಫೈಲುಗಳಿರುವ ಬಿನ್ ಎಂಬ ಫೋಲ್ಡರಿನಲ್ಲಿಟ್ಟು, ಯಾರೂ ಅಲ್ಲಿಂದ ಕದಲಿಸಬಾರದೆಂದು ಕಟ್ಟುಮಾಡಿದರು. ನಿರ್ಮಾಪಕರೂ ಅನುಭವದಿಂದಲೇ ಕಲಿಯುತ್ತಾರೆ.

ಈಗ ಈ ಸರ್ವರು ಏಳುವ ಕ್ರಮವನ್ನು ನೋಡೋಣ. ಇಡೀ ಪ್ರಶ್ನೆಯ ಕೀಲಿರುವುದು ಇಲ್ಲಿಯೇ. ಸರ್ವರನ್ನು ಪ್ರಾರಂಭಿಸಿದೊಡನೆ ಅದಕ್ಕೆ ಏನೊಂದೂ ನೆನಪಿರುವುದಿಲ್ಲ. ವಿಂಡೋಸಿನ ರಿಜಿಸ್ಟ್ರಿಯೆಂಬ ದಾಖಲೆಯಲ್ಲಿ ಅದಕ್ಕಾಗಿ ಮೂರು ಸಾಲುಗಳನ್ನು ಬರೆದಿಟ್ಟಿರುತ್ತದೆ: ಮಾಸ್ಟರಿನ ಮುಖ್ಯ ಫೈಲು ಎಲ್ಲಿದೆ, ಮಾಸ್ಟರಿನ ಲಾಗ್ ಫೈಲು ಎಲ್ಲಿದೆ, ದೋಷಗಳ ವರದಿಯನ್ನು ಎಲ್ಲಿ ಬರೆಯಬೇಕು. ಸರ್ವರು ಮೊದಲು ಇವನ್ನು ಓದಿಕೊಂಡು ಮಾಸ್ಟರನ್ನು ತೆರೆಯುತ್ತದೆ. ಉಳಿದವುಗಳ ವಿಳಾಸವನ್ನು ಮಾಸ್ಟರು ಹೇಳುತ್ತದೆ. ಆ ವಿಳಾಸಕ್ಕೆ ಹೋಗಿ ಮಾಡೆಲನ್ನು ತೆರೆದು, ಅದರ ಅಚ್ಚಿನಲ್ಲಿ ಟೆಂಪ್‌ಡಿಬಿಯನ್ನು ಹೊಸದಾಗಿ ಎರಕ ಹೊಯ್ಯುತ್ತದೆ. ಟೆಂಪ್‌ಡಿಬಿ ಸಿದ್ಧವಾಗದೆ ಸರ್ವರು ಯಾರ ಪ್ರಶ್ನೆಗೂ ಉತ್ತರ ಕೊಡಲಾರದು. ಆದಕಾರಣ ಮಾಡೆಲ್ ಸಿಕ್ಕದಿದ್ದರೆ ಟೆಂಪ್‌ಡಿಬಿಯಿಲ್ಲ, ಟೆಂಪ್‌ಡಿಬಿಯಿಲ್ಲದಿದ್ದರೆ ಸರ್ವರಿಲ್ಲ. ಕೆಲವೇ ಮೆಗಾಬೈಟುಗಳ, ಯಾರೂ ಎಂದೂ ತೆರೆದು ನೋಡದ ಆ ಅಚ್ಚಿನ ಫೈಲಿಗೆ ಕೋಟಿಗಟ್ಟಲೆ ದಾಖಲೆಗಳ ಯಂತ್ರವನ್ನು ನಿಲ್ಲಿಸುವ ಶಕ್ತಿಯಿದೆ.

ಇಂಥ ಫೈಲುಗಳಿಗೆ ಇಟ್ಟ ಹೆಸರುಗಳಾದರೂ ಒಂದೇ ಸಮನಾಗಿಲ್ಲವೆಂಬುದನ್ನು ಒಪ್ಪಿಕೊಳ್ಳಲೇಬೇಕು. ಮಾಡೆಲಿನ ಲಾಗ್ ಫೈಲಿಗೆ ‘ಮಾಡೆಲ್‌ಲಾಗ್’ ಎಂಬ ಪೂರ್ಣ ಹೆಸರಿದೆ. ಮಾಸ್ಟರಿನದಕ್ಕೆ ಮಾತ್ರ ‘ಮಾಸ್ಟ್‌ಲಾಗ್’ ಎಂಬ ಮೊಟಕು ಹೆಸರು. ಎಂಎಸ್‌ಡಿಬಿಯ ಮುಖ್ಯ ಫೈಲಿನ ಕೊನೆಗೆ ‘ಡೇಟಾ’ ಎಂಬ ಬಾಲವಿದೆ, ಉಳಿದವುಗಳಿಗೆ ಇಲ್ಲ. ಮಾಸ್ಟರ್, ಮಾಡೆಲ್, ಟೆಂಪ್‌ಡಿಬಿ ಎಂಬ ಹೆಸರುಗಳು ಸೈಬೇಸಿನ ಮನೆತನದಿಂದ ಬಂದವು. ಮಿಕ್ಕವು ಆಮೇಲೆ ಬಂದು ಸೇರಿದವು. ಹೀಗಿರುವಲ್ಲಿ ಶಿಸ್ತಿನ ಮನುಷ್ಯನಿಗೆ ಕೈ ತುರಿಸುವುದು ಸಹಜವೇ. ಫೈಲುಗಳ ಹೆಸರನ್ನೂ ಸ್ಥಳವನ್ನೂ ಬದಲಿಸುವ ಆಜ್ಞೆಗಳು ಸರ್ವರಿನಲ್ಲಿಯೇ ಇವೆ. ಮೊದಲು ಹೊಸ ವಿಳಾಸವನ್ನು ಮಾಸ್ಟರಿನ ಪಟ್ಟಿಯಲ್ಲಿ ಬರೆಯಿಸಿ, ಸರ್ವರನ್ನು ನಿಲ್ಲಿಸಿ, ಫೈಲನ್ನು ಹೊಸ ಹೆಸರಿಗೆ ತಿರುಗಿಸಿ, ಮತ್ತೆ ಪ್ರಾರಂಭಿಸಿದರಾಯಿತು. ಮಾಸ್ಟರಿನದೇ ಹೆಸರಾದರೆ ರಿಜಿಸ್ಟ್ರಿಯ ಸಾಲುಗಳನ್ನು ತಿದ್ದಬೇಕು. ಡೇಟಾಬೇಸಿನ ಹೆಸರನ್ನೇ, ಅಂದರೆ ಮಾಸ್ಟರ್ ಎಂಬುದನ್ನೇ ಬೇರೆಯದಾಗಿಸುತ್ತೇವೆಂದರೆ ಮಾತ್ರ ಸರ್ವರು ಒಪ್ಪುವುದಿಲ್ಲ. ಆ ಹೆಸರನ್ನು ಹೊತ್ತ ಫೈಲಿಗೆ ಏನೆಂದು ಕರೆದರೂ ಒಪ್ಪುತ್ತದೆ. ಈ ಸೌಜನ್ಯವೇ ಅನರ್ಥಕ್ಕೆ ಮೂಲವಾಯಿತು.

ಒಂದು ಕಾಲೇಜನ್ನು ಊಹಿಸಿಕೊಳ್ಳೋಣ. ಅಲ್ಲಿಯ ಪರೀಕ್ಷಾ ವಿಭಾಗದ ಸರ್ವರಿನಲ್ಲಿ ಹತ್ತು ವರ್ಷಗಳ ಅಂಕಪಟ್ಟಿಗಳಿವೆ. ಹಿಂದೆ ಕೆಲಸದಲ್ಲಿದ್ದವರೊಬ್ಬರು ಮಾಡೆಲಿನ ಫೈಲಿಗೆ ‘ಪರೀಕ್ಷೆ-ಮಾಡೆಲ್’ ಎಂದೂ, ಎಂಎಸ್‌ಡಿಬಿಯ ಫೈಲಿಗೆ ‘ಪರೀಕ್ಷೆ-ಕೆಲಸ’ ಎಂದೂ ಹೆಸರಿಟ್ಟು, ಅವನ್ನು ‘ಡಿ’ ಡಿಸ್ಕಿನ ತಮ್ಮದೇ ಫೋಲ್ಡರಿನಲ್ಲಿ ಇರಿಸಿದ್ದಾರೆ. ಪ್ರತಿ ರಾತ್ರಿಯೂ ಬ್ಯಾಕಪ್ ತಪ್ಪದೆ ನಡೆಯುತ್ತಿದೆ. ಒಂದು ದಿನ ಡಿಸ್ಕು ಕೆಟ್ಟುಹೋಯಿತು. ಹೊಸ ಯಂತ್ರವನ್ನು ತರಿಸಿ ಅದರಲ್ಲಿ ಸರ್ವರನ್ನು ಹೊಸದಾಗಿ ಕೂಡಿಸಿದರು. ಬ್ಯಾಕಪ್ ಕೈಯಲ್ಲಿದೆ, ಇನ್ನೇನು ಭಯ?

ಮೊದಲು ಮಾಸ್ಟರನ್ನು ಮರುಸ್ಥಾಪಿಸಬೇಕು. ಅದಕ್ಕೆ ಸರ್ವರನ್ನು ಒಬ್ಬರೇ ಬಳಸುವ ಸ್ಥಿತಿಯಲ್ಲಿ ಪ್ರಾರಂಭಿಸಬೇಕೆಂಬ ನಿಯಮವಿದೆ. ಬ್ಯಾಕಪ್ ತೆಗೆದಾಗಿನ ಸರ್ವರಿನ ಆವೃತ್ತಿಯೂ ಈಗಿನ ಸರ್ವರಿನ ಆವೃತ್ತಿಯೂ, ನಡುನಡುವೆ ಹಾಕಿದ ತಿದ್ದುಪಡಿಗಳವರೆಗೂ, ಒಂದೇ ಆಗಿರಬೇಕು. ಇಲ್ಲವಾದರೆ ೩೧೬೮ ಎಂಬ ಸಂಖ್ಯೆಯ ದೋಷವನ್ನು ತೋರಿಸಿ ಸರ್ವರು ನಿರಾಕರಿಸುತ್ತದೆ. ನಮ್ಮ ಕಾಲೇಜಿನವರು ಇದನ್ನೆಲ್ಲ ಸರಿಯಾಗಿಯೇ ನೋಡಿಕೊಂಡರೆಂದು ಇಟ್ಟುಕೊಳ್ಳೋಣ. ಮಾಸ್ಟರಿನ ಮರುಸ್ಥಾಪನೆ ಮುಗಿದೊಡನೆ ಸರ್ವರು ತಾನಾಗಿಯೇ ನಿಲ್ಲುತ್ತದೆ. ಅದು ನಿಯಮದಂತೆ ಆಗತಕ್ಕದ್ದೇ. ಅದನ್ನು ಮತ್ತೆ ಪ್ರಾರಂಭಿಸುತ್ತಾರೆ. ಸರ್ವರು ಏಳುವುದಿಲ್ಲ!

ಕಾರಣವೇನೆಂದು ಈಗ ವಾಚಕರೇ ಹೇಳಬಲ್ಲರು. ಮರುಸ್ಥಾಪಿಸಿದ ಮಾಸ್ಟರು ಹಳೆಯ ಯಂತ್ರದ ಮಾಸ್ಟರು. ಅದರ ಪಟ್ಟಿಯಲ್ಲಿರುವುದು ಹಳೆಯ ವಿಳಾಸಗಳು. ‘ಡಿ’ ಡಿಸ್ಕಿನಲ್ಲಿ ‘ಪರೀಕ್ಷೆ-ಮಾಡೆಲ್’ ಇದೆಯೆಂದು ಅದು ಹೇಳುತ್ತದೆ. ಹೊಸ ಯಂತ್ರದಲ್ಲಿ ಆ ಫೋಲ್ಡರೂ ಇಲ್ಲ, ಆ ಹೆಸರಿನ ಫೈಲೂ ಇಲ್ಲ. ಹೊಸದಾಗಿ ಕೂಡಿಸಿದಾಗ ಬಂದ ಮಾಡೆಲು ತನ್ನ ಮೂಲ ಹೆಸರಿನಲ್ಲಿ, ಮೂಲ ಫೋಲ್ಡರಿನಲ್ಲಿ ಸುರಕ್ಷಿತವಾಗಿ ಕುಳಿತಿದೆ. ಆದರೆ ಅದನ್ನು ಕೇಳುವವರಿಲ್ಲ. ಹಿಂದಿನವರು ಹೆಸರನ್ನೂ ಸ್ಥಳವನ್ನೂ ಮುಟ್ಟದೆ ಬಿಟ್ಟಿದ್ದರೆ, ಹಳೆಯ ಮಾಸ್ಟರು ಹೇಳುವ ವಿಳಾಸವೂ ಹೊಸ ಯಂತ್ರದ ವಿಳಾಸವೂ ಅಕ್ಷರಶಃ ಒಂದೇ ಆಗಿ, ಸರ್ವರು ಒಂದು ಮಾತನ್ನೂ ಆಡದೆ ಎದ್ದು ಕೂರುತ್ತಿತ್ತು.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ೩೬೦೮ ಎಂಬ ಸಂಖ್ಯೆಯ ಸೂಚನೆಯನ್ನು ಕೊಟ್ಟು ಪ್ರಾರಂಭಿಸಿದರೆ ಸರ್ವರು ಮಾಸ್ಟರನ್ನು ಮಾತ್ರ ಸಿದ್ಧಪಡಿಸಿಕೊಂಡು ಏಳುತ್ತದೆ. ಆಗ ಒಂದೊಂದಾಗಿ ವಿಳಾಸಗಳನ್ನು ತಿದ್ದಿ ಮತ್ತೆ ಪ್ರಾರಂಭಿಸಬಹುದು. ಬಲ್ಲವರಿಗೆ ಇದು ಅರ್ಧ ಗಂಟೆಯ ಕೆಲಸ. ಆದರೆ ಮರುದಿನ ಫಲಿತಾಂಶ ಪ್ರಕಟವಾಗಬೇಕಾಗಿರುವ ರಾತ್ರಿ, ಯಂತ್ರದ ಮುಂದೆ ಕುಳಿತಿರುವವರು ಕೆಲಸಕ್ಕೆ ಸೇರಿ ಆರು ತಿಂಗಳಾದ ಯುವಕನೋ ಯುವತಿಯೋ ಆಗಿರುತ್ತಾರೆ. ಹೆಸರು ಬದಲಿಸಿದ ಹಿರಿಯರು ಕೆಲಸ ಬಿಟ್ಟು ಹೋಗಿ ಎಷ್ಟೋ ಕಾಲವಾಗಿರುತ್ತದೆ. ನಮ್ಮ ಮುಖ್ಯ ಆಕ್ಷೇಪ ಇದೇ. ನಾಮಾಂತರದ ಸುಖವನ್ನು ಅನುಭವಿಸಿದವರು ಒಬ್ಬರು, ಅದರ ಬೆಲೆಯನ್ನು ತೆರುವವರು ಇನ್ನೊಬ್ಬರು. ಅದೂ ಅವರ ಕೈ ನಡುಗುವ ಹೊತ್ತಿನಲ್ಲಿ.

ಅಪ್‌ಗ್ರೇಡ್, ಎಂದರೆ ಹೊಸ ಆವೃತ್ತಿಗೆ ಏರಿಸುವ ಕೆಲಸದಲ್ಲಿ ತೊಡಕು ಇನ್ನೊಂದು ರೂಪವನ್ನು ತಾಳುತ್ತದೆ. ಹೊಸ ಕಾರ್ಯಕ್ರಮವು ಹಳೆಯದರ ಸ್ಥಳದಲ್ಲಿ ಬಂದು ಕುಳಿತ ಮೇಲೆ, ಮೊದಲ ಸಲ ಪ್ರಾರಂಭವಾಗುವಾಗ, ಮಾಸ್ಟರ್ ಮತ್ತು ಎಂಎಸ್‌ಡಿಬಿಗಳ ಒಳರಚನೆಯನ್ನು ಹೊಸ ಆವೃತ್ತಿಗೆ ತಕ್ಕಂತೆ ತಿದ್ದುವ ಆಜ್ಞಾಮಾಲೆಗಳನ್ನು ನಡೆಸುತ್ತದೆ. ಅವುಗಳಲ್ಲಿ ಒಂದು ಎಡವಿದರೂ ೯೧೨ ಎಂಬ ದೋಷವೂ, ಅದರ ಬೆನ್ನಿಗೇ ೩೪೧೭ ಎಂಬ ದೋಷವೂ ವರದಿಯಲ್ಲಿ ಕಾಣಿಸಿಕೊಂಡು ಸರ್ವರು ನಿಂತುಬಿಡುತ್ತದೆ. ಈ ಎರಡನೆಯ ಸಂದೇಶವನ್ನು ಓದಿದವರ ಎದೆ ಝಲ್ಲೆನ್ನದಿರದು. ಮಾಸ್ಟರನ್ನು ಚೇತರಿಸಲಾಗುತ್ತಿಲ್ಲ, ಬ್ಯಾಕಪ್ಪಿನಿಂದ ಮರುಸ್ಥಾಪಿಸಿರಿ, ದುರಸ್ತಿ ಮಾಡಿರಿ, ಇಲ್ಲವೆ ಹೊಸದಾಗಿ ಕಟ್ಟಿರಿ ಎಂಬುದು ಅದರ ತಾತ್ಪರ್ಯ. ಆದರೆ ಮಾಸ್ಟರಿಗೆ ಯಾವ ರೋಗವೂ ಇಲ್ಲದಿರಬಹುದು. ಆಜ್ಞಾಮಾಲೆಯು ಕೆಲಸದ ನಡುವೆ ಒಂದು ತಾತ್ಕಾಲಿಕ ಫೈಲನ್ನು ಬರೆಯಲು ಹೋಗುತ್ತದೆ. ಹೊಸ ಫೈಲುಗಳನ್ನು ಇಂಥ ಫೋಲ್ಡರಿನಲ್ಲಿ ಇಡತಕ್ಕದ್ದೆಂದು ರಿಜಿಸ್ಟ್ರಿಯಲ್ಲಿ ಬರೆದಿರುವ ಜಾಗವನ್ನು ಹುಡುಕುತ್ತದೆ. ಯಾರೋ ಎಂದೋ ಆ ಫೋಲ್ಡರಿನ ಹೆಸರನ್ನು ಬದಲಿಸಿರುತ್ತಾರೆ, ಅಥವಾ ಖಾಲಿಯಾಗಿದೆಯೆಂದು ಅಳಿಸಿರುತ್ತಾರೆ. ಇದು ಹಲವರ ಅನುಭವಕ್ಕೆ ಬಂದ ಕಾರಣ. ೯೦೨ ಎಂಬ ಸೂಚನೆ ಕೊಟ್ಟು ಆಜ್ಞಾಮಾಲೆಯನ್ನು ತಡೆದು ಸರ್ವರನ್ನು ಎಬ್ಬಿಸಿ, ಜಾಗವನ್ನು ಸರಿಪಡಿಸಿ, ಸೂಚನೆಯನ್ನು ತೆಗೆದು ಪುನಃ ಪ್ರಾರಂಭಿಸಿದರೆ ಅಪ್‌ಗ್ರೇಡ್ ಮುಂದುವರಿಯುತ್ತದೆ.

ಇದನ್ನರಿಯದೆ ಸಂದೇಶವನ್ನು ಅಕ್ಷರಶಃ ನಂಬಿ ಮಾಸ್ಟರನ್ನು ಹೊಸದಾಗಿ ಕಟ್ಟಲು ಹೊರಟವರ ಪಾಡು ಕಠಿಣವಾದುದು. ಹಾಗೆ ಕಟ್ಟುವಾಗ ಸರ್ವರು ತನ್ನಲ್ಲಿರುವ ಅಚ್ಚುಪ್ರತಿಗಳಿಂದ ಮೂಲ ಡೇಟಾಬೇಸುಗಳನ್ನೆಲ್ಲ ಹೊಸದಾಗಿ ತಯಾರಿಸುತ್ತದೆ. ಬಳಕೆದಾರರ ಹೆಸರುಗಳು ಹೋದವು, ವೇಳಾಪಟ್ಟಿಯ ಕೆಲಸಗಳು ಹೋದವು, ಬ್ಯಾಕಪ್ಪಿನ ಇತಿಹಾಸ ಹೋಯಿತು. ಅಂಕಪಟ್ಟಿಗಳ ಫೈಲುಗಳು ಡಿಸ್ಕಿನಲ್ಲಿ ಕ್ಷೇಮವಾಗಿದ್ದರೂ ಹೊಸ ಮಾಸ್ಟರಿಗೆ ಅವುಗಳ ಪರಿಚಯವೇ ಇಲ್ಲ. ಬ್ಯಾಕಪ್ಪಿದ್ದರೆ ಇದೆಲ್ಲವನ್ನೂ ಮರಳಿ ಪಡೆಯಬಹುದೆನ್ನಿ. ಆದರೂ ಇಲ್ಲದ ರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡಿದಂತಾಯಿತು.

ಇಷ್ಟೆಲ್ಲದರ ಹಿಂದೆ ಇರುವ ಸಂಗತಿ ಒಂದೇ. ಫೈಲಿನ ಹೆಸರು ಫೈಲಿನ ಮೇಲಷ್ಟೇ ಬರೆದಿರುವುದಲ್ಲ. ರಿಜಿಸ್ಟ್ರಿಯ ಪ್ರಾರಂಭದ ಸಾಲುಗಳಲ್ಲಿದೆ, ಮಾಸ್ಟರಿನ ಪಟ್ಟಿಯಲ್ಲಿದೆ, ಬ್ಯಾಕಪ್ಪುಗಳ ಒಳಗಿದೆ, ಉಸ್ತುವಾರಿಯವರು ತಮಗಾಗಿ ಬರೆದುಕೊಂಡ ಆಜ್ಞೆಗಳಲ್ಲಿದೆ. ನಾಮಾಂತರ ಮಾಡುವವರು ಎರಡು ಕಡೆ ತಿದ್ದಿ, ಸರ್ವರು ಎದ್ದಿತೆಂದು ಸಮಾಧಾನಪಡುತ್ತಾರೆ. ಮೂರನೆಯ, ನಾಲ್ಕನೆಯ ಕಡೆಗಳನ್ನು ದಿನನಿತ್ಯದ ಕೆಲಸವು ಮುಟ್ಟುವುದೇ ಇಲ್ಲವಾದ ಕಾರಣ ತಪ್ಪು ಹೊರಬೀಳುವುದಿಲ್ಲ. ಅವನ್ನು ಮುಟ್ಟುವುದು ಮರುಸ್ಥಾಪನೆ ಮತ್ತು ಅಪ್‌ಗ್ರೇಡುಗಳು ಮಾತ್ರ.

ನಾಮಾಂತರದ ಪರವಾಗಿ ಹೇಳುವ ಮಾತುಗಳೂ ಇಲ್ಲದಿಲ್ಲ. ಒಂದೇ ಯಂತ್ರದಲ್ಲಿ ಎರಡು ಮೂರು ಸರ್ವರುಗಳನ್ನು ಕೂಡಿಸಿದರೆ ಒಂದರ ಮಾಸ್ಟರಿಗೂ ಇನ್ನೊಂದರ ಮಾಸ್ಟರಿಗೂ ಗೊಂದಲವಾಗುತ್ತದೆಂದು ಕೆಲವರು ಹೇಳುವರು. ಆದರೆ ಪ್ರತಿಯೊಂದಕ್ಕೂ ಅದರದೇ ಫೋಲ್ಡರನ್ನು ವ್ಯವಸ್ಥೆಯೇ ಮಾಡಿಕೊಡುತ್ತದೆ. ಎರಡು ಬೀದಿಗಳಲ್ಲಿ ಒಂದೊಂದು ಹನ್ನೆರಡನೆಯ ನಂಬರಿನ ಮನೆಯಿದ್ದರೆ ಅಂಚೆಯವನು ದಿಕ್ಕುಗೆಡುವುದಿಲ್ಲ. ಹೆಸರು ಬದಲಿಸಿದರೆ ಕಳ್ಳರ ಕಣ್ಣು ತಪ್ಪಿಸಬಹುದೆಂಬ ವಾದ ಇನ್ನೂ ದುರ್ಬಲ. ಸರ್ವರಿನೊಳಗೆ ಬೇಕಾದಷ್ಟು ಅಧಿಕಾರದೊಡನೆ ನುಗ್ಗಿದವನು ಫೈಲುಗಳೆಲ್ಲಿವೆಯೆಂದು ಮಾಸ್ಟರನ್ನೇ ಕೇಳುತ್ತಾನೆ. ಅದು ಒಂದೇ ಸಾಲಿನ ಪ್ರಶ್ನೆಗೆ ಎಲ್ಲವನ್ನೂ ಹೇಳಿಬಿಡುತ್ತದೆ. ಈ ಉಪಾಯದಿಂದ ಮೋಸಹೋಗುವವರು ಮನೆಯವರೇ.

ವೇಗದ ಡಿಸ್ಕಿಗೆ ಟೆಂಪ್‌ಡಿಬಿಯನ್ನು ಸಾಗಿಸುವುದು ಲಾಭಕರವೆಂಬ ಮೂರನೆಯ ಮಾತಿನಲ್ಲಿ ತಥ್ಯವಿದೆ. ಇದಕ್ಕೆ ನಮ್ಮ ವಿರೋಧವಿಲ್ಲ. ಸ್ಥಳಾಂತರ ಬೇರೆ, ನಾಮಾಂತರ ಬೇರೆ. ಸ್ಥಳವನ್ನು ಬದಲಿಸಲು ಕಾರಣವಿದ್ದರೆ ಬದಲಿಸಿ ಬರೆದಿಡಲಿ, ಹೆಸರು ಇದ್ದಂತೆಯೇ ಇರಲಿ. ೨೦೧೬ರ ಆವೃತ್ತಿಯಿಂದ ಈಚೆಗೆ ಟೆಂಪ್‌ಡಿಬಿಗೆ ಒಂದಕ್ಕಿಂತ ಹೆಚ್ಚು ಫೈಲುಗಳನ್ನು ವ್ಯವಸ್ಥೆಯೇ ಕೂಡಿಸುತ್ತದೆ. ಅವುಗಳಿಗೆ ಇಡುವ ಹೆಸರುಗಳು ಉದ್ದವಾಗಿ, ಓದಲು ತೊಡಕಾಗಿವೆ. ಅವನ್ನೂ ಹಾಗೆಯೇ ಬಿಡುವುದು ಮೇಲು. ನಾವು ತುಂಬಿದ ಮಾಹಿತಿಯ ಡೇಟಾಬೇಸುಗಳಿಗಾದರೋ ಯಾವ ಹೆಸರನ್ನಿಟ್ಟರೂ ಬಾಧೆಯಿಲ್ಲ. ಅವನ್ನು ಮರುಸ್ಥಾಪಿಸುವಾಗ ಹೊಸ ವಿಳಾಸವನ್ನು ಆ ಆಜ್ಞೆಯಲ್ಲಿಯೇ ಹೇಳಲು ಅವಕಾಶವಿದೆ.

ಹೆಸರುಗಳನ್ನು ಎಂದಿಗೂ ಬದಲಿಸಬಾರದೆಂದು ನಾವು ಹೇಳುತ್ತಿದ್ದೇವೆಂದು ಯಾರೂ ತಿಳಿಯಬಾರದು. ಬದಲಿಸುವ ಅಧಿಕಾರ ಯಾರದು ಎಂಬುದೇ ಪ್ರಶ್ನೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಇನ್ನೊಂದು ಪ್ರಸಿದ್ಧ ವ್ಯವಸ್ಥೆಯಲ್ಲಿ ‘ಪಿಜಿ ಎಕ್ಸ್‌ಲಾಗ್’ ಎಂಬ ಫೋಲ್ಡರಿತ್ತು. ಯಾವುದೇ ಬದಲಾವಣೆಯನ್ನು ಮುಖ್ಯ ಫೈಲಿಗೆ ಸೇರಿಸುವ ಮುಂಚೆ ಅದರಲ್ಲಿ ಬರೆದುಕೊಳ್ಳುವ ಪದ್ಧತಿ. ಅದಿಲ್ಲದೆ ಡೇಟಾಬೇಸಿಗೆ ಉಳಿವಿಲ್ಲ. ಆದರೆ ಹೆಸರಿನಲ್ಲಿ ‘ಲಾಗ್’ ಎಂದಿದ್ದುದರಿಂದ ಅದು ಬರಿಯ ದಿನಚರಿಯ ವರದಿಯೆಂದು ತಿಳಿದು, ಡಿಸ್ಕು ತುಂಬಿದಾಗ ಜನರು ಅದನ್ನೇ ಅಳಿಸಿ ಡೇಟಾಬೇಸನ್ನು ಕಳೆದುಕೊಂಡರು. ಆದಕಾರಣ ೨೦೧೭ರಲ್ಲಿ ಬಂದ ಹತ್ತನೆಯ ಆವೃತ್ತಿಯಲ್ಲಿ ನಿರ್ಮಾಪಕರು ಅದನ್ನು ‘ಪಿಜಿ ವಾಲ್’ ಎಂದು ಬದಲಿಸಿದರು. ಫೋಲ್ಡರಿನೊಡನೆ ಅದಕ್ಕೆ ಸಂಬಂಧಿಸಿದ ಆಜ್ಞೆಗಳ ಹೆಸರುಗಳನ್ನೂ, ಉಪಕರಣಗಳನ್ನೂ, ಕೈಪಿಡಿಗಳನ್ನೂ ಏಕಕಾಲದಲ್ಲಿ ತಿದ್ದಿದರು. ಅಷ್ಟು ಮಾಡಿದರೂ ಹಳೆಯ ಹೆಸರನ್ನು ನಂಬಿ ಬರೆದುಕೊಂಡಿದ್ದವರು ತಮ್ಮ ಆಜ್ಞೆಗಳನ್ನು ತಿದ್ದಿಕೊಳ್ಳಬೇಕಾಯಿತು. ನಿರ್ಮಾಪಕರಿಗೇ ಇಷ್ಟು ಶ್ರಮವಾದ ಮೇಲೆ, ಒಬ್ಬ ಉಸ್ತುವಾರಿಯು ಒಂದು ಸಂಜೆಯ ಬಿಡುವಿನಲ್ಲಿ ಇದನ್ನು ಮುಗಿಸುವೆನೆಂದರೆ ನಂಬುವುದೆಂತು? ಸ್ವಾರಸ್ಯವೆಂದರೆ, ಇದೇ ವ್ಯವಸ್ಥೆಯಲ್ಲಿ ಮಾಹಿತಿಯ ಫೈಲುಗಳಿಗೆ ಹೆಸರೇ ಇಲ್ಲ. ಬರಿಯ ಅಂಕೆಗಳಿವೆ. ಅವನ್ನು ಚೆಂದಗೊಳಿಸಲು ಯಾರಿಗೂ ಮನಸ್ಸಾಗುವುದಿಲ್ಲ!

ಮರುಸ್ಥಾಪನೆಯ ಪೂರ್ವಸಿದ್ಧತೆಯಿಲ್ಲದಿದ್ದರೆ ಏನಾಗಬಹುದೆಂಬುದಕ್ಕೆ ಅದೇ ೨೦೧೭ರ ಜನವರಿ ೩೧ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ನಡೆದುದನ್ನು ನೋಡಬಹುದು. ಅಲ್ಲಿಯ ಎರಡು ಡೇಟಾಬೇಸ್ ಸರ್ವರುಗಳ ಹೆಸರುಗಳಲ್ಲಿ ಒಂದು ಅಂಕೆಯಷ್ಟೇ ವ್ಯತ್ಯಾಸವಿತ್ತು. ರಾತ್ರಿಯ ಹೊತ್ತು ದಣಿದಿದ್ದ ಎಂಜಿನಿಯರೊಬ್ಬರು ಒಂದರಲ್ಲಿ ಅಳಿಸಬೇಕಾದುದನ್ನು ಇನ್ನೊಂದರಲ್ಲಿ ಅಳಿಸಿದರು. ಸುಮಾರು ೩೦೦ ಗಿಗಾಬೈಟು ಕ್ಷಣಗಳಲ್ಲಿ ಮಾಯವಾಯಿತು. ಬ್ಯಾಕಪ್ಪನ್ನು ಹುಡುಕಿದಾಗ ಅದು ಇರಲಿಲ್ಲ. ಸರ್ವರಿನದು ೯.೬ನೆಯ ಆವೃತ್ತಿ. ಬ್ಯಾಕಪ್ ತೆಗೆಯುವ ಕಾರ್ಯಕ್ರಮವು ೯.೨ನೆಯದು. ಇವೆರಡಕ್ಕೂ ಹೊಂದದೆ ಪ್ರತಿಸಲವೂ ಅದು ವಿಫಲವಾಗುತ್ತಿತ್ತು. ಆ ಸುದ್ದಿಯನ್ನು ತಿಳಿಸುವ ಪತ್ರಗಳು ಸೇರಬೇಕಾದವರನ್ನು ಸೇರಲಿಲ್ಲ. ಬೇರೊಂದು ಉದ್ದೇಶಕ್ಕಾಗಿ ಆರು ಗಂಟೆಗಳ ಹಿಂದೆ ಕೈಯಿಂದ ತೆಗೆದಿಟ್ಟಿದ್ದ ಒಂದು ಪ್ರತಿಯು ದೈವಾಧೀನವಾಗಿ ಉಳಿದಿತ್ತು. ಆ ಆರು ಗಂಟೆಗಳ ಮಾಹಿತಿ ಹೋಯಿತು. ಸಂಸ್ಥೆಯವರು ಇದನ್ನು ಮುಚ್ಚಿಡದೆ ಲೋಕಕ್ಕೆಲ್ಲ ವಿವರವಾಗಿ ತಿಳಿಸಿದುದು ಅಭಿನಂದನಾರ್ಹ. ಇಲ್ಲಿ ಯಾರೂ ಮೂಲ ಫೈಲುಗಳ ಹೆಸರನ್ನು ಬದಲಿಸಿರಲಿಲ್ಲ, ನಿಜ. ಆದರೂ ಎಂದಿನ ಕೆಲಸದಲ್ಲಿ ಬಯಲಾಗದ ಸಣ್ಣದೊಂದು ಹೊಂದಾಣಿಕೆಯ ಲೋಪವು ಮರುಸ್ಥಾಪನೆಯ ರಾತ್ರಿಯೇ ಬಯಲಾಗುವುದು ಹೇಗೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಕ್ಕುವುದು ಕಷ್ಟ.

ಇನ್ನು ಆತುರದ ನಾಮಾಂತರದ ವಿಷಯ ಒಂದು ಮಾತು. ಸರ್ವರು ಏಳದಿದ್ದಾಗ ಇದ್ದ ಮಾಸ್ಟರ್ ಫೈಲಿಗೆ ‘ಹಳೆಯ ಮಾಸ್ಟರ್’ ಎಂದು ಹೆಸರಿಟ್ಟು, ಎಲ್ಲಿಂದಲೋ ತಂದುದನ್ನು ಅದರ ಜಾಗದಲ್ಲಿಡುವುದು ಹಲವರ ರೂಢಿ. ಅದೂ ಏಳದಿದ್ದರೆ ‘ಹೊಸ ಮಾಸ್ಟರ್’, ಆಮೇಲೆ ‘ಹೊಸ ಮಾಸ್ಟರ್ ಎರಡು’. ಬೆಳಗಾಗುವ ಹೊತ್ತಿಗೆ ಆ ಫೋಲ್ಡರಿನಲ್ಲಿ ಯಾವುದು ಅಸಲು, ಯಾವುದು ನಕಲು ಎಂದು ಇಟ್ಟವರಿಗೇ ತಿಳಿಯದಂತಾಗಿರುತ್ತದೆ. ಹೀಗೆ ಮಾಡುವ ಬದಲು ಮೂಲ ಫೈಲುಗಳನ್ನು ಹೆಸರು ಕೆಡಿಸದೆ ಬೇರೊಂದು ಫೋಲ್ಡರಿಗೆ ನಕಲು ಮಾಡಿ, ಆ ಫೋಲ್ಡರಿಗೆ ದಿನಾಂಕ ಮತ್ತು ವೇಳೆಯನ್ನೇ ಹೆಸರಾಗಿ ಇಡುವುದು ಒಳ್ಳೆಯದು.

ಈಗಾಗಲೇ ಯಾರೋ ಹೆಸರು ಬದಲಿಸಿಟ್ಟ ಸರ್ವರು ನಮ್ಮ ಪಾಲಿಗೆ ಬಂದರೆ ಮಾಡುವುದೇನು? ಸರ್ವರು ಆರೋಗ್ಯವಾಗಿರುವಾಗಲೇ, ಅದರ ಎಲ್ಲ ಫೈಲುಗಳ ಹೆಸರು ಮತ್ತು ಸ್ಥಳಗಳನ್ನು ಅದರಿಂದಲೇ ಕೇಳಿ ತಿಳಿದು, ರಿಜಿಸ್ಟ್ರಿಯ ಮೂರು ಸಾಲುಗಳನ್ನೂ ಆವೃತ್ತಿಯ ಪೂರ್ಣ ಸಂಖ್ಯೆಯನ್ನೂ ಸೇರಿಸಿ ಒಂದು ಕಾಗದದ ಮೇಲೆ ಬರೆದು ಬ್ಯಾಕಪ್ಪಿನೊಡನೆ ಇಡಬೇಕು. ಸರ್ವರಿನೊಳಗೇ ಬರೆದಿಟ್ಟರೆ ಬೇಕಾದ ಹೊತ್ತಿಗೆ ಓದಲು ಸಿಕ್ಕದು. ಮರುಸ್ಥಾಪನೆಯನ್ನು ಬೇರೊಂದು ಯಂತ್ರದಲ್ಲಿ ವರ್ಷಕ್ಕೆ ಒಂದೆರಡು ಸಲವಾದರೂ ನಡೆಸಿ ನೋಡಬೇಕು. ಅಪ್‌ಗ್ರೇಡಿನ ದಿನ ಗೊತ್ತಾದ ಮೇಲೆ, ಅದಕ್ಕೆ ಒಂದು ವಾರ ಮುಂಚೆ, ಹೊಸದ್ದೇನನ್ನೂ ಇನ್ನೂ ಮುಟ್ಟದೆ, ಫೈಲುಗಳನ್ನು ಅವುಗಳ ಮೂಲ ಹೆಸರುಗಳಿಗೆ ಕ್ರಮಪ್ರಕಾರವಾಗಿ ಹಿಂದಿರುಗಿಸಬೇಕು. ರಿಜಿಸ್ಟ್ರಿಯಲ್ಲಿ ಬರೆದಿರುವ ಫೋಲ್ಡರುಗಳೆಲ್ಲ ನಿಜವಾಗಿಯೂ ಇವೆಯೇ ಎಂದು ತೆರೆದು ನೋಡಬೇಕು. ಅನಂತರ ಸರ್ವರನ್ನು ನಿಲ್ಲಿಸಿ ಒಮ್ಮೆ ಪ್ರಾರಂಭಿಸಬೇಕು. ಅದು ನಿರಾಯಾಸವಾಗಿ ಎದ್ದರೆ ಆ ರಾತ್ರಿಯೇ ಹೊಸದಾಗಿ ಪೂರ್ಣ ಬ್ಯಾಕಪ್ ತೆಗೆದಿಡಬೇಕು. ಏಕೆಂದರೆ ಹಿಂದಿನ ಬ್ಯಾಕಪ್ಪುಗಳ ಒಳಗೆ ಹಳೆಯ ಹೆಸರುಗಳೇ ಇನ್ನೂ ಉಳಿದಿರುತ್ತವೆ.